ಗ್ಯಾಸ್ಟ್ರಿಕ್ ಎಂದು ಹೇಳಿಕೊಂಡ ನಾಲ್ಕು ತಿಂಗಳು

ಛತ್ರದಲ್ಲಿ ನಾವು ಉಣ್ಣುತ್ತಿರುವಾಗ ಬೆನ್ನ ಹಿಂದೆ ಬಂದು ನಿಂತು ಮುಂದಿನ ಪಂಕ್ತಿಗೆ ಕುರ್ಚಿ ಕಾಯುವ ಜನರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸಾರನ್ನ ಬರುವ ಹೊತ್ತಿಗೆ ಒಬ್ಬರು ಬಂದು ಕುರ್ಚಿಯ ಬೆನ್ನಿಗೆ ಕೈಯಿಡುತ್ತಾರೆ. ಮಜ್ಜಿಗೆ ಬರುವ ಹೊತ್ತಿಗೆ, ನಾವಿನ್ನೂ ಕೂತಿರುವಾಗಲೇ, ಅದರ ಮೇಲೆ ಅವರ ಕರ್ಚೀಫು ಬಿದ್ದಿರುತ್ತದೆ. ನಾನೂ ಜೀವಮಾನವಿಡೀ ಹಾಗೆ ಯಾರದೋ ಬೆನ್ನ ಹಿಂದೆ ನಿಂತವನೇ, ಅದು ಬೇರೆ ಮಾತು.

ಕಳೆದ ವರ್ಷ ಬನಶಂಕರಿಯ ಒಂದು ಛತ್ರದಲ್ಲಿ ಗೆಳೆಯನ ಮಗನ ಮದುವೆ. ನನ್ನ ಹಿಂದೆ ನಿಂತಿದ್ದ ದಢೂತಿ ಮನುಷ್ಯ ತನ್ನ ಹೊಟ್ಟೆಯನ್ನು ನನ್ನ ಬೆನ್ನಿಗೆ ಒರಗಿಸಿಕೊಂಡು, ಫೋನಿನಲ್ಲಿ ಯಾರಿಗೋ ಛತ್ರದ ದಾರಿ ಹೇಳುತ್ತಿದ್ದ. ಪಕ್ಕದವರು ಬಿಟ್ಟೆದ್ದ ಎಲೆಯಿಂದ ಸಾರೂ ಪಾಯಸವೂ ಕಲೆತು ನನ್ನ ಎಲೆಯ ಕಡೆಗೆ ಹರಿದು ಬರುತ್ತಿತ್ತು. ಅದನ್ನೇ ನೋಡುತ್ತಿದ್ದಾಗ ಎದೆ ಹೊಡೆದುಕೊಳ್ಳಲು ಶುರುವಾಯಿತು. ಬೆರಳು ಜೋಮು ಹಿಡಿಯಿತು, ಗಂಟಲು ಮುಚ್ಚಿಕೊಂಡಿತು. ಬಾಯಲ್ಲಿದ್ದ ತುತ್ತು ಒಳಗೂ ಹೋಗದು, ಹೊರಗೂ ಬರದು. ಸತ್ತೆ ಅಂದುಕೊಂಡೆ. ತುತ್ತನ್ನು ಎಲೆಯ ಮೇಲೆ ಉಗಿದು, ಎಂಜಲು ಕೈಯಲ್ಲೇ ಹೆಂಡತಿಯ ರೇಷ್ಮೆ ಸೀರೆ ಹಿಡಿದುಕೊಂಡೆ. ಇಬ್ಬರು ಸೇರಿ ನನ್ನನ್ನು ಎತ್ತಿ ನಿಲ್ಲಿಸುವಷ್ಟರಲ್ಲಿ ಆ ಮನುಷ್ಯ ನನ್ನ ಕುರ್ಚಿಯಲ್ಲಿ ಕೂತಾಗಿತ್ತು.

ಜಯನಗರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು, ರಕ್ತ ತೆಗೆದರು. ನನ್ನ ಅರ್ಧ ವಯಸ್ಸಿನ ಡಾಕ್ಟರು ಬಂದು, "ಹಾರ್ಟ್ ಚೆನ್ನಾಗಿದೆ ಸಾರ್. ಇದು ಪ್ಯಾನಿಕ್ ಅಟ್ಯಾಕ್. ಒಬ್ರು ಕೌನ್ಸೆಲರ್‌ನ ನೋಡಿ" ಅಂದರು. ಐವತ್ತೆರಡು ವರ್ಷದ ಗಂಡಸು, ಪದ್ಮನಾಭನಗರದಲ್ಲಿ ಇಪ್ಪತ್ತು ವರ್ಷದಿಂದ ಜೆರಾಕ್ಸ್ ಅಂಗಡಿ ನಡೆಸುತ್ತಿರುವವನು, ಹೆದರಿಕೊಂಡು ಆಸ್ಪತ್ರೆ ಸೇರಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಹಾರ್ಟ್ ಅಟ್ಯಾಕೇ ಆಗಿದ್ದರೆ ಮರ್ಯಾದೆಯಾದರೂ ಉಳಿಯುತ್ತಿತ್ತು ಅನ್ನಿಸಿತು.

ಅಕ್ಕ ಕೋಣನಕುಂಟೆಯಿಂದ ಆಟೋದಲ್ಲಿ ಓಡಿ ಬಂದಳು. ನಾಲ್ಕು ತಿಂಗಳಲ್ಲಿ ಅವಳ ಒಬ್ಬಳೇ ಮಗಳ ಮದುವೆಯಿತ್ತು. ನಾನು ಸೋದರಮಾವ. ಹೆಣ್ಣಿನ ಕೈ ಹಿಡಿದು ಮಂಟಪಕ್ಕೆ ಕರೆತರಬೇಕಾದವನು.

"ಏನಂತೆ?" ಎಂದು ಅಕ್ಕ ಕೇಳಿದಳು.

ನನ್ನ ಹೆಂಡತಿ ನನ್ನ ಮುಖ ನೋಡಿದಳು. ಆಮೇಲೆ, "ಗ್ಯಾಸ್ಟ್ರಿಕ್ ಅಂತೆ ಅತ್ತಿಗೆ" ಅಂದಳು.

ಅಕ್ಕ ಹೋದ ಮೇಲೆ ಕಾರಣ ಹೇಳಿದಳು. "ಮದ್ವೆ ಮನೇಲಿ ಮಾಮನಿಗೆ ಮೆಂಟಲ್ ಅಂತ ಸುದ್ದಿ ಆಗ್ಬೇಕಾ? ಗಂಡಿನ ಕಡೆಯೋರ ಕಿವಿಗೆ ಬಿದ್ರೆ?" ನಾನೂ ಹೂಂ ಅಂದೆ.

ಆ ಒಂದು ಹೂಂಗೆ ನಾಲ್ಕು ತಿಂಗಳು ಅನುಭವಿಸಿದೆ. ಬೆಂಗಳೂರಿನಲ್ಲಿ ಗ್ಯಾಸ್ಟ್ರಿಕ್ ಇಲ್ಲದವರೂ ಇಲ್ಲ, ಅದಕ್ಕೆ ಮದ್ದು ಗೊತ್ತಿಲ್ಲದವರೂ ಇಲ್ಲ. ಓಂಕಾಳು, ಇಂಗಿನ ಮಜ್ಜಿಗೆ, ಜೀರಿಗೆ ಕಷಾಯ, ಬೆಳ್ಳುಳ್ಳಿ ಹಾಲು, ಎಲ್ಲ ಮನೆಗೇ ಬಂದವು. ಎದುರುಮನೆಯ ನಿವೃತ್ತ ಅಂಕಲ್ ಹಾಲಿನ ಬೂತಿನ ಮುಂದೆ ನಿಂತು, ವಾಯು ಹೇಗೆ ಹೊರಗೆ ಹೋಗಬೇಕೆಂದು ತಾವೇ ಒಂದು ತೇಗು ತೇಗಿ ತೋರಿಸಿದರು. ಹಿಂದಿನ ರಾತ್ರಿಯ ಈರುಳ್ಳಿ ಸಾಂಬಾರಿನ ವಾಸನೆ ನೇರ ನನ್ನ ಮುಖಕ್ಕೆ ಬಂತು. "ಈಗ ನೀವು ಮಾಡಿ" ಅಂದರು. ಹಾಲು ಹಿಡಿದುಕೊಂಡು ನಾನೂ ತೇಗಿದೆ. ಸುಳ್ಳು ಹೇಳಿದ ಮೇಲೆ ತೇಗದೆ ವಿಧಿಯಿದೆಯೇ?

ಈ ಮಧ್ಯೆ ಅಂಗಡಿಯಲ್ಲೂ ಆಗಾಗ ಹಾಗೇ ಆಗುತ್ತಿತ್ತು. ಪಕ್ಕದ ಟ್ಯೂಷನ್ ಬಿಟ್ಟಾಗ ಹುಡುಗರೆಲ್ಲ ಕೌಂಟರಿನ ಮೇಲೆ ಮುಗಿಬಿದ್ದು, ಬೆವರು ಕೈಯಲ್ಲಿ ಕಾಗದ ಚಾಚಿ "ಅಂಕಲ್, ಅಂಕಲ್" ಅನ್ನುತ್ತಿದ್ದರೆ ನನಗೆ ಗಂಟಲು ಕಟ್ಟುತ್ತಿತ್ತು. ಶಟರ್ ಅರ್ಧ ಎಳೆದು ಹಿಂದಿನ ಬಚ್ಚಲಿಗೆ ಹೋಗಿ ನಿಲ್ಲುತ್ತಿದ್ದೆ. ಸುದ್ದಿ ಅಕ್ಕನ ತನಕ ಹೋಯಿತು.

"ಅಷ್ಟ್ ಗ್ಯಾಸ್ ಇದ್ರೆ ಬೇಡ ಕಣೋ" ಅಂದಳು ಫೋನಿನಲ್ಲಿ. "ದೊಡ್ಡಪ್ಪನ ಮಗ ಇದಾನೆ, ಅವನೇ ಕೈ ಹಿಡ್ಕೊಂಡ್ ಬರ್ಲಿ. ಮಂಟಪದ ಹತ್ರ ನೀನು ಬಿದ್ಗಿದ್ ಹೋದ್ರೆ ಅಪಶಕುನ."

ಆ ಹುಡುಗಿಯನ್ನು ನಾನು ಎತ್ತಿ ಆಡಿಸಿದ್ದೇನೆ. ಅವಳ ಅಪ್ಪ ತೀರಿಕೊಂಡ ಮೇಲೆ ಸ್ಕೂಲಿಗೆ ಸೇರಿಸಿದ್ದೂ ಸ್ಕೂಟರ್ ಕಲಿಸಿದ್ದೂ ನಾನು. ಅವಳ ಕೈಯನ್ನು ಬೇರೆಯವನ ಕೈಗೆ ಕೊಟ್ಟು ನಾನು ಮೂರನೇ ಸಾಲಿನಲ್ಲಿ ಅಕ್ಷತೆ ಹಿಡಿದು ಕೂತಿರಬೇಕು! ಮಾರನೆಯ ದಿನವೇ ಜೆ.ಪಿ. ನಗರದ ಕೌನ್ಸೆಲರ್ ಬಳಿಗೆ ಹೋದೆ. ಮನೆಯಲ್ಲಿ ಟೋನರ್ ತರಲು ಹೋಗುತ್ತೇನೆ ಎಂದಿದ್ದೆ.

ಅವರು ಕಷಾಯ ಕೊಡಲಿಲ್ಲ, ಅದಕ್ಕೇ ಅರ್ಧ ನಂಬಿಕೆ ಬಂತು. ನಾಲ್ಕು ಎಣಿಸಿ ಉಸಿರು ತಗೊಳ್ಳಿ, ಆರು ಎಣಿಸಿ ಬಿಡಿ ಅಂದರು. "ಭಯ ಬಂದಾಗ ಬಚ್ಚಲಿಗೆ ಓಡ್ಬೇಡಿ ಸಾರ್. ಅಲ್ಲೇ ಇರಿ. ಅದು ಏರುತ್ತೆ, ಆಮೇಲೆ ಅದೇ ಇಳಿಯುತ್ತೆ." ವಾರಕ್ಕೆರಡು ಸಲ ಜನ ತುಂಬಿದ ಹೋಟೆಲಿಗೆ ಹೋಗಿ ಅರ್ಧ ಗಂಟೆ ಕೂರಬೇಕೆಂದರು.

ಹೋದೆ. ಅದಕ್ಕಿಂತ ಅಸಹ್ಯದ ಚಿಕಿತ್ಸೆ ಇನ್ನೊಂದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದ ಟೇಬಲ್ಲಿನ ಮುಗ್ಗಲು ವಾಸನೆ, ಎದುರಿಗೆ ಕೇಳದೆ ಬಂದು ಕೂರುವ ಅಪರಿಚಿತ, ಅವನು ಇಡ್ಲಿಯನ್ನು ಸಾಂಬಾರಿನಲ್ಲಿ ಕಿವುಚಿ ಸೊರ್ ಎಂದು ಎಳೆಯುವ ಸದ್ದು. ಮೊದಲ ದಿನ ಎಂಟು ನಿಮಿಷಕ್ಕೆ ಎದ್ದು ಬಂದೆ. ಎರಡನೇ ತಿಂಗಳಿಗೆ ಅರ್ಧ ಗಂಟೆ ಕೂತೆ. ಕಾಫಿಯನ್ನೂ ಮುಗಿಸಿದೆ. ಎದುರಿಗಿದ್ದವನು ಕೈ ತೊಳೆಯುವ ಜಾಗದಲ್ಲಿ ಖ್ಯಾಕರಿಸಿದಾಗಲೂ ಏಳಲಿಲ್ಲ. ಹೇಸಿಗೆಯಾಯಿತು, ಭಯವಾಗಲಿಲ್ಲ. ಇಷ್ಟು ಸಾಕು ಅಂದುಕೊಂಡು ಅಕ್ಕನಿಗೆ ಫೋನ್ ಮಾಡಿದೆ. "ಗ್ಯಾಸ್ ವಾಸಿ ಆಯ್ತು. ನಾನೇ ಕರ್ಕೊಂಡ್ ಬರ್ತೀನಿ."

ಮದುವೆ ತಲಘಟ್ಟಪುರದ ಹತ್ತಿರದ ಛತ್ರದಲ್ಲಿ. ಮುಹೂರ್ತಕ್ಕೆ ಹೆಣ್ಣನ್ನು ಕರೆಯಿರಿ ಎಂದು ಪುರೋಹಿತರು ಕೂಗಿದರು. ಕೋಣೆಯಿಂದ ಮಂಟಪಕ್ಕೆ ಐವತ್ತು ಹೆಜ್ಜೆ. ಮುಂದೆ ಕಳಸ ಹಿಡಿದ ಹೆಂಗಸರು, ಎರಡೂ ಕಡೆ ಜನ, ಮುಖಕ್ಕೆ ವಿಡಿಯೋದವನ ಲೈಟು. ಮಲ್ಲಿಗೆಯ ಜೊತೆ ಬೆವರು, ಪೌಡರು. ನಾನು ಮನಸ್ಸಿನಲ್ಲೇ ನಾಲ್ಕು, ಆರು ಎಣಿಸಿಕೊಂಡು ನಡೆಯುತ್ತಿದ್ದೆ. ಅರ್ಧ ದಾರಿಯಲ್ಲಿ ನನ್ನ ಕೈಯೊಳಗಿನ ಕೈ ಮಂಜುಗಡ್ಡೆಯಾಗಿದ್ದು ತಿಳಿಯಿತು. ಅವಳು ನಿಂತುಬಿಟ್ಟಳು.

"ಮಾಮ, ಉಸಿರಾಡಕ್ಕಾಗ್ತಿಲ್ಲ."

"ಮೆಲ್ಲಗೆ ಬಿಡು, ಆರು ಎಣಿಸು" ಅಂದೆ.

"ಗೊತ್ತು ಮಾಮ. ಪಿಯುಸಿಯಿಂದ ಎಣಿಸ್ತಾನೇ ಇದೀನಿ."

ನನಗೆ ಆ ಬೆಳಿಗ್ಗೆ ನೆನಪಾಯಿತು. ಪಿಯುಸಿ ಪರೀಕ್ಷೆಯ ದಿನ ಅವಳು ಎದೆ ಹಿಡಿದುಕೊಂಡು ಬಚ್ಚಲಿನಲ್ಲಿ ನಡುಗುತ್ತಾ ಕೂತಿದ್ದಳು. ಸೋಡಾ ತಂದು ಬಲವಂತವಾಗಿ ಕುಡಿಸಿದ್ದು ನಾನು. "ಗ್ಯಾಸ್ ಅಷ್ಟೆ, ನಾಟಕ ಆಡ್ಬೇಡ, ಏಳು" ಎಂದು ಗದರಿ ಸ್ಕೂಟರ್ ಹತ್ತಿಸಿದ್ದೂ ನಾನೇ. ನಾಲ್ಕು ತಿಂಗಳು ಊರಿನವರ ತೇಗಿಗೆಲ್ಲ ಮೂಗು ಮುರಿದವನಿಗೆ ಆ ಕ್ಷಣ ಎಲ್ಲರಿಗಿಂತ ಹೆಚ್ಚು ಹೇಸಿಗೆಯಾದದ್ದು ನನ್ನನ್ನೇ ಕಂಡು.

"ಯಾಕ್ ನಿಂತ್ರಿ? ಮುಹೂರ್ತ ಮೀರುತ್ತೆ!" ಎಂದು ಯಾರೋ ಕೂಗಿದರು. ಗಂಡಿನ ಕಡೆಯ ಹೆಂಗಸರು ಕತ್ತು ಚಾಚಿ ಹುಡುಗಿಯ ಮುಖವನ್ನೇ ನೋಡತೊಡಗಿದರು. ಹಿಂದಿನಿಂದ ಅಕ್ಕನ ದನಿ ಬಂತು. "ಗ್ಯಾಸ್ ಇರ್ಬೇಕು, ಯಾರಾದ್ರೂ ಒಂದ್ ಸೋಡಾ ತನ್ನಿ!"

"ಸೋಡಾ ಬೇಡ" ಅಂದೆ, ಎಲ್ಲರಿಗೂ ಕೇಳುವ ಹಾಗೆ. "ಗ್ಯಾಸಲ್ಲ ಅಕ್ಕ, ನಂಗೆ ಯಾವತ್ತೂ ಗ್ಯಾಸ್ ಇರ್ಲಿಲ್ಲ. ನಂಗೆ ಪ್ಯಾನಿಕ್ ಅಟ್ಯಾಕ್ ಆಗುತ್ತೆ. ಈಗ್ಲೂ ಆಗ್ತಿದೆ. ಎರಡ್ ನಿಮಿಷ ಇಲ್ಲೇ ನಿಂತ್ಕೋತೀನಿ, ಅವಳು ನನ್ ಕೈ ಹಿಡ್ಕೊಂಡಿರ್ತಾಳೆ."

ಕತ್ತುಗಳೆಲ್ಲ ನನ್ನ ಕಡೆ ತಿರುಗಿದವು. ಒಬ್ಬಾಕೆ ಪಕ್ಕದವಳ ಕಿವಿಯಲ್ಲಿ ಏನೋ ಉಸುರಿದಳು. ಅಕ್ಕನ ಮುಖ ಕಪ್ಪಿಟ್ಟಿತು. ನಾನು ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತೆ. ಪಕ್ಕದಲ್ಲಿ ಅವಳು ತಲೆ ತಗ್ಗಿಸಿಕೊಂಡು ಎಣಿಸುತ್ತಿದ್ದಳು, ಯಾರೂ ಅವಳನ್ನು ನೋಡುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳ ಕೈ ಬೆಚ್ಚಗಾಯಿತು.

"ಹೋಗಣ ಮಾಮ" ಅಂದಳು.