ಶ್ರೀನಗರದ ಹಮಾಮಿಗೆ ಎಷ್ಟು ಕಟ್ಟಿಗೆ?

ಶ್ರೀನಗರದ ಬಾಡಿಗೆ ಮನೆಯಲ್ಲಿ ಮೊದಲ ಸಲ ಬರಿಗಾಲಿಟ್ಟವಳು ಬೆಚ್ಚಿ ಹಿಂದಕ್ಕೆ ಸರಿದಿದ್ದೆ. ಹೊರಗೆ ಗೋಡೆಯ ನೆರಳಲ್ಲಿ ಹಿಮ ಇನ್ನೂ ಕರಗಿರಲಿಲ್ಲ, ಒಳಗೆ ಕಲ್ಲಿನ ನೆಲ ಬಿಸಿ! ಗಡಿಯಾಚೆ, ಮರಾಠಿ ಸೀಮೆಗೆ ಸೇರಿದ ನಮ್ಮ ಊರು ತಿಕೋಂಡಿಯಲ್ಲಿ ಹಾಸುಗಲ್ಲು ಕಾಯುವುದು ಬೇಸಿಗೆಯ ಮಧ್ಯಾಹ್ನ, ಅದೂ ಅಂಗಳದಲ್ಲಿ. ಇಲ್ಲಿ ನೆಲದ ಕೆಳಗೇ ಒಲೆ. ಅದಕ್ಕೆ ಹಮಾಮ್ ಎನ್ನುತ್ತಾರೆ. ಹೊರಗಿನಿಂದ ಕಟ್ಟಿಗೆ ತುರುಕಿದರೆ ಬೆಂಕಿ ಮೊದಲು ತಾಮ್ರದ ಹಂಡೆಯ ನೀರು ಕಾಯಿಸಿ, ಆಮೇಲೆ ಹಾಸುಗಲ್ಲಿನಡಿ ಹರಿದಾಡಿ ಹೊಗೆಯಾಗಿ ಹೋಗುತ್ತದೆ. ಚಳಿಗಾಲವಿಡೀ ಮನೆಮಂದಿಯ ಊಟ, ನಿದ್ದೆ, ಜಗಳ ಎಲ್ಲ ಆ ಕಲ್ಲಿನ ಮೇಲೆಯೇ.

ನನ್ನ ಗಂಡನದು ಗಲಾಯಿ ಕೆಲಸ, ಅಂದರೆ ಹಳೆಯ ಬಂಗಾರ ಕರಗಿಸಿ ಚೊಕ್ಕ ಮಾಡಿಕೊಡುವುದು. ನಮ್ಮ ಕಡೆಯ ಎಷ್ಟೋ ಗಂಡಸರು ಇದನ್ನೇ ಹಿಡಿದು ದೇಶದ ತುಂಬ ಚದುರಿದ್ದಾರೆ. ನಮ್ಮ ಮನೆಯಲ್ಲಿ ಹೆಂಡತಿಯರಿಗೆ ಒಂದು ರೂಢಿ. ಜೋಳದ ರಾಶಿ ಮುಗಿಸಿ ಇಲ್ಲಿಗೆ ಬರಬೇಕು, ದೀಪಾವಳಿಗೆ ಊರಿಗೆ ಮರಳಬೇಕು. ಚಳಿ ತಡೆಯುವುದಿಲ್ಲ ಎಂಬುದು ಕಾರಣ. ಮದುವೆಯಾದಾಗಿನಿಂದ ಒಂದು ಇಡೀ ವರ್ಷ ಗಂಡನ ಜೊತೆ ಬಾಳಿದವಳಲ್ಲ ನಾನು. ಹೋದ ಬೇಸಿಗೆಯಲ್ಲಿ, ಈ ಸಲ ಚಳಿಗಾಲವೂ ಇಲ್ಲೇ ಎಂದು ಹಟ ಹಿಡಿದೆ.

ಇಲ್ಲಿನವರಿಗೆ ನಾವು ‘ಮರಾಠಿ ಮಂದಿ’. ಮನೆಯಲ್ಲಿ ಕನ್ನಡ, ಊರ ಕಚೇರಿಯಲ್ಲಿ ಮಾತ್ರ ಮರಾಠಿ ಎಂದು ಹೇಳಿ ಹೇಳಿ ಬಾಯಿ ಸೋತು ಬಿಟ್ಟುಬಿಟ್ಟೆ. ಉಪ್ಪು ಹಾಕಿದ ಗುಲಾಬಿ ಬಣ್ಣದ ನೂನ್ ಚಾಯ್ ಮೊದಲ ಸಲ ಒಂದೇ ಗುಟುಕಿಗೆ ಕೆಳಗಿಟ್ಟಿದ್ದೆ. ಈಗ ಕೇಳಿ ಹಾಕಿಸಿಕೊಳ್ಳುತ್ತೇನೆ.

ಅಷ್ಟರಲ್ಲಿ ಹಮಾಮಿನ ಹಂಡೆ ಸೋರತೊಡಗಿತು. ಮನೆಯ ಮಾಲೀಕರು ಹಾಸುಗಲ್ಲು ಕಿತ್ತು, ನೆಲದಡಿ ಬಿಸಿನೀರಿನ ಪೈಪು ಹಾಕಿ ಗ್ಯಾಸಿನ ಬಾಯ್ಲರ್ ಕೂಡಿಸುವ ಯೋಚನೆಯಲ್ಲಿದ್ದರು. ಉರುವಲಿನ ಖರ್ಚು ಮಾತ್ರ ನಮ್ಮದು. ನನ್ನ ಗಂಡ ತೂಕದ ಮನುಷ್ಯ. ಅದರ ಹಿಂದಿನ ಚಳಿಗಾಲದಲ್ಲಿ ತೂಗಿಸಿ ತಂದ ಕಟ್ಟಿಗೆಯ ಲೆಕ್ಕ ಅವರಿಗೆ ಬಾಯಿಪಾಠ. ಲೆಕ್ಕ ಹಾಕಿದರು. ಕಟ್ಟಿಗೆಯೇ ಗಳಿಕೆ ನುಂಗುತ್ತಿತ್ತು, ಗ್ಯಾಸು ಅದಕ್ಕಿಂತ ಕಡಿಮೆಯೇನಿರಲಿಲ್ಲ. ತಾವೊಬ್ಬರೇ ಆದರೆ ಅಂಗಡಿಯಲ್ಲಿ ಕುಲುಮೆಯ ಪಕ್ಕ ಮಲಗಿ ಚಳಿ ಕಳೆಯುತ್ತಾರಂತೆ. ನಾನು ಊರಿಗೆ ಹೋಗಬೇಕಂತೆ.

ಈ ಸಂಕಟವನ್ನು ಮಾಲೀಕರ ಹೆಂಡತಿ ಹಾಜ್ರಾ ಆಪಾರ ಮುಂದೆ ತೋಡಿಕೊಂಡೆ. ಕಟ್ಟಿಗೆ ಯಾವಾಗ ತಂದಿರಿ ಎಂದು ಕೇಳಿದರು. ಹಿಮ ಬಿದ್ದ ಮೇಲೆ ಎಂದೆ. ಆಕೆ ನಕ್ಕುಬಿಟ್ಟರು. ಅರ್ಧ ಕಟ್ಟಿಗೆ, ಅರ್ಧ ನೀರು ತೂಗಿ ತಂದಿದ್ದಾರೆ, ಆ ನೀರು ಆರಿಸುವುದರಲ್ಲೇ ಬೆಂಕಿಯ ಜೀವ ಹೋಗಿದೆ ಎಂದರು. ಇಲ್ಲಿಯವರು ಬೇಸಿಗೆಯಲ್ಲೇ ಕೊಂಡು, ಸೀಳಿ, ಸೂರಿನಡಿ ಒಟ್ಟಿ ಒಣಗಿಸುತ್ತಾರೆ. ನಮ್ಮ ಬಿಸಿಲಲ್ಲಿ ಕಡಿದ ಜಾಲಿ ತಾನೇ ಒಣಗುತ್ತದೆ, ಹಸಿ ಕಟ್ಟಿಗೆಯ ಯೋಚನೆ ನಮಗೆಲ್ಲಿಂದ ಬರಬೇಕು? ಬಂಗಾರದಲ್ಲಿ ಕೂದಲೆಳೆಯಷ್ಟು ತಾಮ್ರವಿದ್ದರೂ ಹಿಡಿಯುವ ಮನುಷ್ಯ ದುಡ್ಡು ಕೊಟ್ಟು ನೀರು ತಂದಿದ್ದರು! ಸಾಲದ್ದಕ್ಕೆ, ರೊಟ್ಟಿಯಾದ ಮೇಲೆ ನಾವು ಒಲೆ ಆರಿಸುವ ಹಾಗೆ ದಿನಾ ಬೆಳಿಗ್ಗೆ ಹಮಾಮ್ ಆರಿಸಿ ಅಂಗಡಿಗೆ ಹೋಗುತ್ತಿದ್ದರು. ಸಂಜೆ ತಣ್ಣಗಾದ ಕಲ್ಲನ್ನು ಮತ್ತೆ ಮೊದಲಿಂದ ಕಾಯಿಸುವುದು. ಕಲ್ಲು ಆರಗೊಡದೆ ಸಣ್ಣ ಉರಿ ಇಟ್ಟರೆ ಸಾಕು ಎಂದರು ಆಪಾ.

ಬರೀ ಮಾತು ನಂಬಿ ಕೂರಲಿಲ್ಲ ನಾನು. ಒಂದಿಷ್ಟು ಕಟ್ಟಿಗೆ ತರಿಸಿ, ಗುರುತು ಹಾಕಿ ತೂಗಿಟ್ಟೆ. ಬೇಸಿಗೆ ಕಳೆದ ಮೇಲೆ ಮತ್ತೆ ತೂಗಿದರೆ ತೂಕ ಚೆನ್ನಾಗಿಯೇ ಇಳಿದಿತ್ತು. ಆಪಾ ತಮ್ಮ ರಾಶಿಯಿಂದ ಕೊಡಲೊಪ್ಪಿದ ಒಣ ಕಟ್ಟಿಗೆ, ಬೆಸುಗೆ ಹಾಕಿದ ಹಂಡೆ, ಸಣ್ಣ ಉರಿ ಎಂದು ಹಿಡಿದು ಹೊಸದಾಗಿ ಲೆಕ್ಕ ಹಾಕಿದೆ. ಖರ್ಚು ನಮ್ಮ ಕೈಗೆ ಎಟುಕುವಷ್ಟಿತ್ತು. ಮಾಲೀಕರೂ ಬಾಯ್ಲರ್ ಯೋಚನೆ ಬಿಟ್ಟರು. ಗೆದ್ದೆ ಅಂದುಕೊಂಡೆ.

ಗಂಡ ತಪ್ಪು ಹುಡುಕಿದರು, ಸಿಗಲಿಲ್ಲ. ಲೆಕ್ಕದ ಚೀಟಿ ಮಡಚಿಟ್ಟು ಅಂದರು: “ಲೆಕ್ಕಾ ಖರೆ ಐತಿ. ಆದ್ರ ಊರಾಗ ಹಿಂಗಾರಿ ಜ್ವಾಳಾ ಕೀಳಾಕ ಯಾರ ಅದಾರ?”

ಮೈಯೆಲ್ಲ ಉರಿದುಹೋಯಿತು. ಹಾಗಾದರೆ ಇಷ್ಟು ವರ್ಷ ನನ್ನನ್ನು ಊರಿಗೆ ಅಟ್ಟಿದ್ದು ಚಳಿಯಲ್ಲ, ಕಟ್ಟಿಗೆಯೂ ಅಲ್ಲ.

“ಆ ಲೆಕ್ಕದಾಗ ನನ್ನ ಕೂಲಿ ಎಷ್ಟ ಹಿಡದೀರಿ?” ಎಂದೆ.

“ಮನಿ ಹೆಣ್ಮಗಳಿಗಿ ಎಂಥಾ ಕೂಲಿ?” ಎಂದರು. ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಅದೇ ನನಗೆ ಇನ್ನಷ್ಟು ಕಹಿಯಾಯಿತು.

ದೀಪಾವಳಿಗೆ ನಾನು ಹೋಗಲಿಲ್ಲ. ಹಮಾಮ್ ಚೆನ್ನಾಗಿ ಕಾಯುತ್ತಿದೆ. ಕಲ್ಲಿನ ಆ ತುದಿಗೆ ಅವರು ಮಲಗುತ್ತಾರೆ, ಈ ತುದಿಗೆ ನಾನು. ಊರವರ ಬಾಯಲ್ಲಿ ನಾನು ಗಂಡನ ಗಳಿಕೆ ಉರಿಸಿ ಬೆಚ್ಚಗೆ ಕುಳಿತವಳು, ಇಲ್ಲಿಯವರಿಗೆ ಎಂದಾದರೂ ಹೊರಟುಹೋಗುವ ಮರಾಠಿ ಹೆಂಗಸು. ಜೋಳ ಈ ಸಲ ಚೆನ್ನಾಗಿ ಬಂದಿದೆ ಎಂದು ಕೇಳಿದರೆ ಕೈ ತುರಿಸುತ್ತದೆ, ಸುಳ್ಳು ಯಾಕೆ ಹೇಳಲಿ.

ಮೊನ್ನೆ ಅತ್ತೆ ಫೋನಿನಲ್ಲಿ ಸಿಡುಕಿದರು: “ನಿನ್ನ ಜಾಗಾದಾಗ ಮೂರ ಆಳ ಹಚ್ಚೀವಿ ನೋಡವಾ.”

ಬೈದದ್ದೇ ಅದು. ಆದರೆ ಆ ಹೊಲದಲ್ಲಿ ನಾನು ಮೂರು ಆಳಾಗಿದ್ದೆ ಎಂದು ಇಷ್ಟು ವರ್ಷಗಳಲ್ಲಿ ಒಬ್ಬರೂ ನನಗೆ ಹೇಳಿರಲಿಲ್ಲ.