ಕೋಟೆಯಿಂದ ಮೈಸೂರಿಗೆ ಸುತ್ತು ದಾರಿ

ಕೆ.ಆರ್. ನಗರದಿಂದ ಹುಣಸೂರಿಗೆ ಹೊರಟ ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಬೇರೆ ದಿನವಾಗಿದ್ದರೆ ಖುಷಿಪಡುತ್ತಿದ್ದೆ. ಎಚ್.ಡಿ. ಕೋಟೆಯಲ್ಲಿ ಹಲ್ಲಿನ ಕ್ಲಿನಿಕ್ ಇಟ್ಟಿದ್ದ ನನ್ನ ಸಹಪಾಠಿ ನಾಗರಾಜ ಬದುಕಿದ್ದಾನೋ ಇಲ್ಲವೋ ಗೊತ್ತಿರಲಿಲ್ಲ. ಬಾಣಂತನಕ್ಕೆ ಪಿರಿಯಾಪಟ್ಟಣದ ತವರಿನಲ್ಲಿದ್ದ ಅವನ ಹೆಂಡತಿ ಸುಮಿತ್ರ ಬೆಳಗ್ಗೆಯೇ ಫೋನ್ ಮಾಡಿದ್ದಳು. "ಅಣ್ಣಾ, ಇವ್ರು 'ಮಗೂನ ಚೆನ್ನಾಗಿ ನೋಡ್ಕೊ' ಅಂತೇಳಿ ಫೋನ್ ಇಟ್ಬುಟ್ರು. ಆಮೇಲೆ ಎಷ್ಟು ಸಲ ಮಾಡಿದ್ರೂ ಎತ್ತುತಾ ಇಲ್ಲ. ಹೋಗಿ ನೋಡಿ, ಕೈ ಮುಗೀತೀನಿ."

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಲು ಗಟ್ಟಿ. ನಾವು ದಂತವೈದ್ಯರು ದಿನಾ ನಕ್ಕು ಸುಮ್ಮನಾಗುತ್ತೇವೆ. ನಾಗರಾಜ ಮೇಲಿನ ದವಡೆಹಲ್ಲು ಕಿತ್ತ ಒಬ್ಬ ಹೆಂಗಸಿಗೆ ಕೆಲವೇ ತಿಂಗಳಲ್ಲಿ ಕಣ್ಣು ಮಂಜಾಯಿತು. ಅದು ಪೊರೆ ಎಂದು ಕಣ್ಣಿನ ಡಾಕ್ಟರು ಹೇಳಿದರೂ ಊರು ಕೇಳಲಿಲ್ಲ. ಬರಬರುತ್ತ ಅವನಿಗೇ ಅನುಮಾನ ಹತ್ತಿತು. ಓದಿದ್ದೆಲ್ಲ ಆಗ ಎಲ್ಲಿ ಹೋಗುತ್ತದೋ ಕಾಣೆ.

ಹುಣಸೂರಿನಲ್ಲಿ ಬಸ್ಸು ಬದಲಿಸಿದೆ. ಜಿನುಗು ಮಳೆ. ಗುರುಪುರದ ಹತ್ತಿರ ಇಬ್ಬರು ಟಿಬೆಟನ್ ಸನ್ಯಾಸಿಗಳು ಜೋಳದ ಮೂಟೆ ಏರಿಸಿಕೊಂಡು ಹತ್ತಿ, ನನ್ನನ್ನು ನೋಡಿ ನಕ್ಕರು. ನನಗೆ ತಿರುಗಿ ನಗಲಾಗಲಿಲ್ಲ. ಮೂವತ್ತು ಚಿಲ್ಲರೆ ಕಿಲೋಮೀಟರ್ ದಾರಿ, ಡ್ರೈವರ್ ನಿಲ್ಲಿಸಿದಲ್ಲೆಲ್ಲ ಅವನ ಮೇಲೆ ಸಿಟ್ಟು ಬರುತ್ತಿತ್ತು.

ಕೋಟೆಯಲ್ಲಿ ಕ್ಲಿನಿಕ್ಕಿನ ಶಟರ್ ಅರ್ಧ ಇಳಿದಿತ್ತು. "ನಾಗಾ" ಎಂದು ಕರೆದೆ. ಉತ್ತರವಿಲ್ಲ. ಬಗ್ಗಿ ಒಳಗೆ ಹೋಗಲು ಹೆದರಿ ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಹೋದಾಗ ಅವನು ರೋಗಿಗಳ ಕುರ್ಚಿಯಲ್ಲಿ ತಾನೇ ಮಲಗಿ ಮೇಲೆ ನೋಡುತ್ತಿದ್ದ.

"ಯಾರ ಬಾಯಿ ನೋಡಿದ್ರೂ ಆ ಯಮ್ಮನ ಕಣ್ಣೇ ಕಾಣ್ತದೆ ಕಣೋ," ಎಂದ. "ಕೈ ನಡುಗ್ತದೆ. ಬದುಕಿರೋದೇ ಬ್ಯಾಡ ಅನ್ಸುತ್ತೆ."

ಮೈಸೂರಿನ ಮನೋವೈದ್ಯರ ಬಳಿ ಹೋಗೋಣವೆಂದೆ. ಬಹಳ ಹೊತ್ತಿನ ಮೇಲೆ ಒಪ್ಪಿದ. "ಡೈರೆಕ್ಟ್ ಬಸ್ ಬ್ಯಾಡ. ಅದ್ರಲ್ಲಿ ಬರೋರೆಲ್ಲ ನನ್ನ ಪೇಷೆಂಟುಗಳೇ. ಡಾಕ್ಟ್ರಿಗೇ ತಲೆ ಕೆಟ್ಟಿದೆ ಅಂದ್ರೆ ಯಾರು ಬಾಯಿ ತೆಗೀತಾರೆ?"

ಹೀಗಾಗಿ ನೆಟ್ಟಗಿನ ದಾರಿ ಬಿಟ್ಟು ಮತ್ತೆ ಹುಣಸೂರಿಗೆ ಬಂದು, ಅಲ್ಲಿಂದ ಮೈಸೂರಿನ ಬಸ್ಸು ಹಿಡಿದೆವು. ಚಾರ್ಜು ದುಪ್ಪಟ್ಟಾಯಿತು. ಅವನನ್ನು ಕಿಟಕಿ ಕಡೆ ಕೂರಿಸಿ ತೋಳು ಬಿಡದೆ ಕೂತೆ.

ಬಿಳಿಕೆರೆಯಲ್ಲಿ ಒಬ್ಬ ಮುದುಕ ಹತ್ತಿದ. ನಾಗರಾಜನನ್ನು ಕಂಡವನೇ ಜೇಬಿನಿಂದ ಕರವಸ್ತ್ರ ತೆಗೆದು, ಅದರಲ್ಲಿದ್ದ ಕೆಳಗಿನ ಹಲ್ಲಿನ ಸೆಟ್ಟು ಬಾಯಿಗೆ ಹಾಕಿಕೊಂಡ. ಬಸ್ಸಿನಲ್ಲಿ ಬಿದ್ದು ಒಡೆದೀತೆಂದು ಬಿಚ್ಚಿಟ್ಟಿದ್ದನಂತೆ. ಹಾಕಿಕೊಟ್ಟ ಡಾಕ್ಟರೊಂದಿಗೆ ಅರೆಬೋಳು ಬಾಯಲ್ಲಿ ಮಾತಾಡುವುದು ಹೇಗೆ?

"ಎತ್ತಗೋಯ್ತಾ ಇದ್ದೀರಿ, ಸಾಮಿ?"

"ಕ್ಲಿನಿಕ್‌ಗೆ ಸಾಮಾನು ತರೋಕೆ," ಎಂದು ನಾನು ಬಾಯಿ ಹಾಕಿದೆ.

"ಇಲ್ಲ ಜವರಪ್ಪ," ಎಂದ ನಾಗರಾಜ. "ಮನಸ್ಸು ಸರಿಯಿಲ್ಲ. ಅದಕ್ಕೆ ಡಾಕ್ಟ್ರ ಹತ್ರ ಹೋಯ್ತಿದ್ದೀನಿ."

ಮುದುಕ ಅವನ ಮುಖವನ್ನೇ ನೋಡಿದ.

"ವಾಸಿ ಮಾಡ್ಕೊಂಡು ಬನ್ನಿ. ಮೇಲಿನ ಹಲ್ಲೊಂದು ಅಲ್ಲಾಡ್ತಾ ಅದೆ. ನೀವು ಬರೋಗಂಟ ತಡ್ಕತೀನಿ ಬುಡಿ."

ಮೇಲಿನ ಹಲ್ಲು ಎಂದದ್ದು ಕೇಳಿ ನಾಗರಾಜ ಬೆವರಿದ. ಮೈಸೂರು ಬರುವತನಕ ಕಿಟಕಿಯಾಚೆಯೇ ನೋಡುತ್ತ ಕೂತ.

ಡಾಕ್ಟರು ಅವನೊಬ್ಬನ ಜೊತೆ ಬಹಳ ಹೊತ್ತು ಮಾತಾಡಿ, ಕೆಲವು ದಿನ ಆಸ್ಪತ್ರೆಯಲ್ಲೇ ಇರಲಿ ಎಂದರು. ಅವನು ಹೂಂ ಎಂದ. ಮೈಸೂರಿನಲ್ಲೇ ಇದ್ದ ಅವನ ಅಣ್ಣ ಸುದ್ದಿ ತಿಳಿದು ಬಂದು ಮಂಚದ ಪಕ್ಕ ಕೂತ ಮೇಲೆ ನಾನು ಹೊರಗೆ ಬಂದೆ. ನಾಗರಾಜ ಗೋಡೆ ಕಡೆ ತಿರುಗಿ ಮಲಗಿದ್ದ.

ಎದುರಿನ ಎಸ್‌ಟಿಡಿ ಬೂತಿನಿಂದ ಪಿರಿಯಾಪಟ್ಟಣಕ್ಕೆ ಫೋನ್ ಮಾಡಿದೆ. ಡಾಕ್ಟರು ಹೇಳಿದ್ದನ್ನೆಲ್ಲ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಸುಮಿತ್ರ ಅದೇನೂ ಕೇಳಲಿಲ್ಲ.

"ಇದ್ದಾರಾ?" ಎಂದಳು.

"ಇದ್ದಾನಮ್ಮ," ಎಂದೆ.