ಅಜ್ಜಿಗೆ ಒಪ್ಪಿಸಿ ಹೋದ ಸಮುದ್ರ

ಚಿತ್ರದ ಮೇಲೆ ಗಾಜಿನ ಹೊಳಪು ಕೊಡೋ ರೆಸಿನ್ ಅಂಟು ಸುರಿದರೆ, ಅದು ಗಟ್ಟಿಯಾಗೋ ತನಕ ಒಂದು ಕೂದಲೂ ಬೀಳಬಾರದು. ಬಿದ್ದರೆ ಅಲ್ಲೇ ಕಾಯಂ.

ಗೆಳತಿಯ ಗೃಹಪ್ರವೇಶಕ್ಕೆ ಕೊಡೋಣ ಅಂತ ಹಲಗೆ ಮೇಲೆ ನೀಲಿ, ಬಿಳಿ ಅಕ್ರಿಲಿಕ್ ಹರಿಸಿ ಒಂದು ಸಮುದ್ರ ಮಾಡಿದ್ದೆ. ಅದು ಒಣಗಿದ ಮೇಲೆ, ಒಂದು ಚಳಿಗಾಲದ ಬೆಳಿಗ್ಗೆ ರೆಸಿನ್ ಸುರಿದೆ. ಚಳಿಗೆ ಅದು ಬೇಗ ಗಟ್ಟಿಯಾಗಲ್ಲ. ಹೊಸಹಳ್ಳಿಗೆ ಡ್ಯೂಟಿಗೆ ಹೊರಡುವಾಗ ಪಕ್ಕದ ಮನೆಯ, ಕುರಿ ಸಾಕುವ ಹಾಲಮ್ಮಜ್ಜಿಗೆ ಕೀಲಿ ಕೊಟ್ಟು, "ಅಜ್ಜಿ, ಧೂಳು ಬೀಳಬಾರ್ದು, ಬೆಚ್ಚಗಿರಬೇಕು. ಸ್ವಲ್ಪ ನೋಡ್ಕಳ್ರಿ" ಅಂದೆ.

ಸಂಜೆ ಬಂದಾಗ ಅಜ್ಜಿಯೇ ಬಾಗಿಲು ತೆಗೆದರು. ನೋಡಿದರೆ, ಸಮುದ್ರದ ತುಂಬಾ ಕರಿ ಕಂಬಳಿ!

"ಏನ್ ಮಾಡೀರಿ ಅಜ್ಜಿ ಇದು?"

"ಬೆಚ್ಚಗಿರಬೇಕು ಅಂದೆಲ್ಲ ತಾಯಿ? ಎಳೇ ಮರಿಗೆ ಹೊಚ್ಚಿದಂಗ ಹೊಚ್ಚೀನಿ."

ಮೂಲೆ ಹಿಡಿದು ಎಳೆದೆ. ಕಂಬಳಿ ಜತೆ ಹಲಗೆಯೇ ಎದ್ದು ಬಂತು. ಕತ್ತರಿ ತಂದೆ. ಈಗ ಅಜ್ಜಿ ಕಿರುಚಿದರು.

"ಕತ್ತರಿ ಹಾಕಬ್ಯಾಡ! ದೇವ್ರಿಗೆ ಗದ್ದಿಗಿ ಹಾಸೋ ಕಂಬಳಿ ಅದು!"

"ಅಯ್ಯೋ, ಅದನ್ನ್ಯಾಕ ತಂದ್ರಿ?"

"ಧೂಳು ಬೀಳಬಾರ್ದು ಅಂದಿ. ನಮ್ಮ ಮನ್ಯಾಗ ಧೂಳಿಲ್ಲದ ಕಂಬಳಿ ಅದೊಂದ ಐತಿ."

ಕೊನೆಗೆ ಇಬ್ಬರೂ ಸೇರಿ ಹಲಗೆಯನ್ನು ಕಂಬಳಿ ಸಮೇತ ಅವರ ದೇವರ ಮನೆಗೆ ಹೊತ್ತೊಯ್ದು ದೇವರ ಕೆಳಗೆ ಇಟ್ಟೆವು. ಗೆಳತಿಗೆ ಗೋಡೆ ಗಡಿಯಾರ ಕೊಟ್ಟೆ.

ಈಗ ಅಜ್ಜಿ ಬಂದವರಿಗೆಲ್ಲ, "ನಮ್ಮ ದೇವ್ರು ಸಮುದ್ರದ ಮ್ಯಾಲೆ ಕುಂತಾನ" ಅಂತಾರೆ. ಎಲ್ಲಿ ಸಮುದ್ರ ಅಂತ ಯಾರಾದರೂ ಕೇಳಿದರೆ ನನ್ನ ಕಡೆ ಕೈ ತೋರಿಸಿ, "ಕಂಬಳಿ ಕೆಳಗ ಐತಿ, ಈಕಿನ್ನ ಕೇಳ್ರಿ" ಅಂತಾರೆ.